ವಿಮಾನಕ್ಕೆ ಹತ್ತಿದ ಬಂದಳಿಕೆ

ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ಅದು ಮರದ ಸಾರವನ್ನು ಹೀರಿ ಬೆಳೆಯುತ್ತದೆ. ಮರಕ್ಕೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಆಕಾಶಗಾಮಿಯಾದ ವಿಮಾನಕ್ಕೂ ಇಂತಹದೊಂದು ಬಂದಳಿಕೆಯುಂಟು. ಅದಕ್ಕೆ ಪರೋಪಜೀವಿ ಕರ್ಷಣವೆಂದು ಹೆಸರು. ಕರ್ಷಣವೆಂದರೆ ಗಾಳಿಯು ವಿಮಾನವನ್ನು ಹಿಂದಕ್ಕೆ ಎಳೆಯುವ ಬಲ. ಅದರಲ್ಲಿ ಒಂದು ಪಾಲು, ರೆಕ್ಕೆಯು ವಿಮಾನವನ್ನು ಎತ್ತಿ ಹಿಡಿಯುವುದಕ್ಕಾಗಿ ತೆರಲೇಬೇಕಾದ ಸುಂಕ; ಇದು ಪ್ರೇರಿತ ಕರ್ಷಣ. ಎತ್ತುವ ಕಾರ್ಯದಲ್ಲಿ ಭಾಗವಹಿಸದೆ, ಒಡಲು, ಚಕ್ರ, ತಂತಿ, ರಿವೆಟ್ಟಿನ ತಲೆ ಮೊದಲಾದುವು ಗಾಳಿಗೆ ಎದುರಾಗಿರುವುದರಿಂದಲೂ, ಗಾಳಿಯು ಮೈಯನ್ನು ಉಜ್ಜುವುದರಿಂದಲೂ ಹುಟ್ಟುವುದೆಲ್ಲ ಪರೋಪಜೀವಿ. ಹೆಸರಿಟ್ಟವರ ಔಚಿತ್ಯಜ್ಞಾನ ಮೆಚ್ಚತಕ್ಕದ್ದು.

ವೇಗ ಹೆಚ್ಚಿದಂತೆ ಪ್ರೇರಿತ ಕರ್ಷಣ ತಗ್ಗುತ್ತದೆ. ಪರೋಪಜೀವಿಯಾದರೋ ವೇಗವು ಇಮ್ಮಡಿಯಾದಾಗ ನಾಲ್ಮಡಿಯಾಗುತ್ತದೆ. ಅದನ್ನು ಗೆಲ್ಲಲು ಎಂಟುಮಡಿ ಶಕ್ತಿ ಬೇಕು. ಆದುದರಿಂದ ಎಂಜಿನ್ನಿನ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ವೇಗವು ಸುಮಾರು ಕಾಲುಭಾಗ ಮಾತ್ರ ಹೆಚ್ಚೀತು. ದೊಡ್ಡ ಎಂಜಿನ್ನಿಗೆ ಹಣ ಸುರಿಯುವುದಕ್ಕಿಂತ ಬಂದಳಿಕೆಯನ್ನು ಕತ್ತರಿಸುವುದೇ ಲೇಸು.

ಚೂಪಾದ ಮೂತಿಯೇ ಗಾಳಿಯನ್ನು ಸೀಳುತ್ತದೆಂಬುದು ಲೋಕರೂಢಿಯ ಭಾವನೆ. ಶಬ್ದಕ್ಕಿಂತ ಕಡಿಮೆ ವೇಗದಲ್ಲಿ ಇದು ಸಲ್ಲದು, ಮುಖ್ಯವಾದುದು ಹಿಂಭಾಗ. 1904ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ನೆರೆದ ಗಣಿತಜ್ಞರ ಸಭೆಯಲ್ಲಿ ಲುಡ್ವಿಗ್ ಪ್ರಾಂಟ್ಲ್ ಇದರ ಮರ್ಮವನ್ನು ತೆರೆದಿಟ್ಟರು. ವಸ್ತುವಿನ ಮೈಗೆ ತಾಗಿ ಹರಿಯುವ ಗಾಳಿಯ ತೆಳುಪದರವೊಂದು ಉಜ್ಜುವಿಕೆಯಿಂದ ಬಳಲುತ್ತದೆ. ಹಿಂಭಾಗದಲ್ಲಿ ಮೈಯನ್ನು ಅನುಸರಿಸಲಾರದೆ ಕಳಚಿಕೊಂಡರೆ ಅಲ್ಲಿ ಸುಳಿಗಳೆದ್ದು ಒತ್ತಡ ಕುಸಿಯುತ್ತದೆ. ಮುಂದೆ ದುಂಡಗಾಗಿ, ಹಿಂದೆ ಮೀನಿನಂತೆ ಮೆಲ್ಲಮೆಲ್ಲನೆ ಸಪುರವಾಗುವ ಆಕಾರದಲ್ಲಿ ಪದರವು ಕಡೆಯವರೆಗೂ ಅಂಟಿಕೊಂಡಿರುತ್ತದೆ. ಒಂದೇ ದಪ್ಪದ ದುಂಡು ತಂತಿಯ ಕರ್ಷಣವು ಇಂತಹ ಕಡ್ಡಿಯದರ ಸುಮಾರು ಹತ್ತರಷ್ಟು. ತಂತಿಗಳಿಂದ ಬಿಗಿದ ಹಳೆಯ ಜೋಡಿರೆಕ್ಕೆಯ ವಿಮಾನಗಳು ಎಷ್ಟು ಶಕ್ತಿಯನ್ನು ಗಾಳಿಗೆ ತೂರಿದವೆಂಬುದನ್ನು ಇದರಿಂದ ಊಹಿಸಬಹುದು. 1929ರಲ್ಲಿ ಮೆಲ್ವಿಲ್ ಜೋನ್ಸ್ ಲಂಡನ್ನಿನ ಉಪನ್ಯಾಸವೊಂದರಲ್ಲಿ ಈ ನಷ್ಟವನ್ನೇ ಲೆಕ್ಕಹಾಕಿ ತೋರಿಸಿ ವಿಮಾನ ನಿರ್ಮಾಪಕರ ಕಣ್ಣು ತೆರೆಸಿದರು.

ಅದಕ್ಕೆ ಮುನ್ನವೇ, 1928ರಲ್ಲಿ, ಅಮೆರಿಕದ ಲ್ಯಾಂಗ್ಲೆ ಪ್ರಯೋಗಾಲಯದಲ್ಲಿ ಫ್ರೆಡ್ ವೀಕ್ ಮತ್ತು ಸಂಗಡಿಗರು ಹೊರಚಾಚಿದ ಎಂಜಿನ್ ಸಿಲಿಂಡರುಗಳಿಗೆ ನಯವಾದ ಹೊದಿಕೆಯನ್ನು ತೊಡಿಸಿದ್ದರು. ಎಂಜಿನ್ ಬದಲಾಗಲಿಲ್ಲ, ಆದರೂ ಕರ್ಟಿಸ್ ಹಾಕ್ ವಿಮಾನದ ವೇಗ ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು. ಒಂದು ತಗಡಿನ ಅಂಗಿಯ ಮಹಿಮೆ! ತರುವಾಯ ಚಕ್ರಗಳು ಒಳಕ್ಕೆ ಮಡಚಿಕೊಂಡವು, ರಿವೆಟ್ಟಿನ ತಲೆಗಳು ತಗಡಿನೊಳಗೆ ಹುದುಗಿದವು. 1935ರಲ್ಲಿ ಮೊದಲು ಹಾರಿದ ಡಕೋಟದ ಚಕ್ರಗಳು ಮಡಚಿದ ಮೇಲೂ ಅರ್ಧ ಹೊರಗೆ ಕಾಣುತ್ತಿದ್ದವು. ರೆಕ್ಕೆಯೂ ಒಡಲೂ ಕೂಡುವ ಮೂಲೆಯಲ್ಲಿ ಎರಡು ಪ್ರವಾಹಗಳು ಒಂದನ್ನೊಂದು ಕೆಡಿಸುವುದರಿಂದ ಅಲ್ಲಿ ಬಾಗಿದ ತಗಡಿನಿಂದ ಸಂದನ್ನು ತುಂಬುವ ಪದ್ಧತಿಯೂ ಬಂದಿತು.

ಉಳಿದುದು ಮೈಯುಜ್ಜುವಿಕೆ. ಇದನ್ನು ಅಳೆಯುವುದೇ ಕಷ್ಟ. ಮುಂದೆ 1962ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಸತೀಶ್ ಧವನ್ ಅವರು ಕ್ಯಾಲಿಫೋರ್ನಿಯಾದಲ್ಲಿ ಸಂಶೋಧಕರಾಗಿದ್ದಾಗ, ಮೈಯ ಒಂದು ಚಿಕ್ಕ ತುಂಡನ್ನು ಸುತ್ತಲಿನಿಂದ ಬಿಡಿಸಿ ತೇಲುವಂತೆ ಅಳವಡಿಸಿ, ಗಾಳಿಯು ಅದನ್ನೆಳೆಯುವ ಬಲವನ್ನು ನೇರವಾಗಿ ಅಳೆದರು. ಗಾಳಿಯ ಪದರವು ಪದರಪದರವಾಗಿ ಶಾಂತವಾಗಿ ಹರಿದರೆ ಉಜ್ಜುವಿಕೆ ಅಲ್ಪ, ಕದಡಿದರೆ ಅಧಿಕ. ಎಂಜಿನ್ನಿಲ್ಲದ ಗ್ಲೈಡರುಗಳಲ್ಲಿ ರೆಕ್ಕೆಯ ಅಂಚಿಗೆ ಸತ್ತಂಟಿದ ಕೀಟಗಳೇ ಪದರವನ್ನು ಕದಡಬಲ್ಲವು. ಅದಕ್ಕಾಗಿ ಹಾರುವಾಗಲೇ ಅಂಚನ್ನು ಒರೆಸುವ ಸಾಧನಗಳುಂಟು. ಸಂದುಗಳಿಗೆ ಟೇಪನ್ನೂ ಅಂಟಿಸುತ್ತಾರೆ. ಗಾಲ್ಫ್ ಚೆಂಡಿನಲ್ಲಿ ಮಾತ್ರ ನೀತಿ ತಿರುಗುಮುರುಗು: ಅದರ ಗುಳಿಗಳು ಪದರವನ್ನು ಬೇಕೆಂದೇ ಕದಡುತ್ತವೆ, ಕದಡಿದ ಪದರ ಚೆಂಡಿಗೆ ಹೆಚ್ಚು ದೂರ ಅಂಟಿಕೊಂಡು, ಹಿಂದಿನ ಸುಳಿ ಕಿರಿದಾಗಿ, ಒಟ್ಟು ಕರ್ಷಣ ಇಳಿಯುತ್ತದೆ. ಅಲಂಕಾರಶಾಸ್ತ್ರದ ವಿರೋಧಾಭಾಸವೇ ಗಾಳಿಯಲ್ಲಿ ಮೂರ್ತಿವೆತ್ತಂತಿದೆ.

ನುಣುಪೇ ಸದಾ ಶ್ರೇಷ್ಠವಲ್ಲವೆಂಬುದಕ್ಕೆ ಶಾರ್ಕ್ ಮೀನಿನ ಚರ್ಮವೂ ಸಾಕ್ಷಿ. ಅದರ ಮೇಲಿನ ಸೂಕ್ಷ್ಮ ಗೀರುಗಳನ್ನು ಅನುಕರಿಸಿದ ತೆಳುಹಾಳೆಯನ್ನು 2022ರಲ್ಲಿ ಸ್ವಿಸ್ ವಿಮಾನ ಸಂಸ್ಥೆಯ ಬೋಯಿಂಗ್ 777ರ ಮೈಗೆ ಅಂಟಿಸಲಾಯಿತು. ಗೀರುಗಳು ಹರಿವಿನ ದಿಕ್ಕಿಗೇ ಇರಬೇಕು. ಉಳಿಯುವ ಇಂಧನ ಶೇಕಡಾ 1ರ ಆಸುಪಾಸು.