‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ

ಕ್ಯಾಲನೂರಿನ ಹುಡುಗಿಯೊಬ್ಬಳು ತನ್ನ ಮೇಲಾದ ದೌರ್ಜನ್ಯವನ್ನ ಯಾರ ಹತ್ರ ಹೇಳ್ಕೋಬೇಕು? ಕೋಲಾರದ ಜಿಲ್ಲಾಸ್ಪತ್ರೆಯಲ್ಲಿ ಚೀಟಿ ಹಿಡಿದು ನಿಂತರೆ ಊರಿನವರೇ ಎದುರಾಗ್ತಾರೆ. ‘ಏನಮ್ಮಾ, ಇಲ್ಲಿ?’ ಅಂದರೆ ಸಾಕು, ಅವಳು ವಾಪಸ್ ಬಸ್ ಹತ್ತೋಕೆ. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ರು. ಬಹುಪಾಲು ಮಕ್ಕಳು ಅದನ್ನ ಯಾರಿಗೂ ಹೇಳಿರಲಿಲ್ಲ. ಮುಖ ಕಾಣದ ಕಿವಿ ಬೇಕಾಗೋದು ಅದಕ್ಕೇ. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅಂದರೆ 14416, ಕನ್ನಡದಲ್ಲೇ ಹಗಲೂ ರಾತ್ರಿ ಸಿಗುತ್ತೆ, ದುಡ್ಡೂ ಕೊಡಬೇಕಿಲ್ಲ.

ತೊಡಕು ಇರೋದು ಮುಂದೆ. 18 ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ಆಪ್ತಸಮಾಲೋಚಕರಿಗೂ ವಿನಾಯಿತಿ ಇಲ್ಲ. ಹೀಗಾದ್ರೆ ಮಕ್ಕಳು ಬಾಯೇ ಬಿಡಲ್ಲ ಅನ್ನೋರ ಮಾತು ಸುಳ್ಳಲ್ಲ. ಆದರೆ ಗುಟ್ಟು ಕಾಯ್ತೀವಿ ಅಂತ ನಂಬಿಸಿ, ಆಮೇಲೆ ಠಾಣೆಗೆ ಫೋನ್ ಮಾಡೋದು ಅದಕ್ಕಿಂತ ಕೆಟ್ಟದ್ದು. ಆ ಮಗು ಇನ್ಯಾರನ್ನೂ ನಂಬಲ್ಲ. ಅದಕ್ಕೆ ಮೊದಲ ನಿಮಿಷದಲ್ಲೇ ಕಾನೂನು ಹೇಳಿಬಿಡಿ. ಜೊತೆಗೆ ಇದನ್ನೂ ಹೇಳಿ: ಮಗು ಬಯಸಿದ ಜಾಗದಲ್ಲೇ ಹೇಳಿಕೆ ಕೊಡಬಹುದು, ಬರೋ ಪೊಲೀಸರು ಯೂನಿಫಾರ್ಮ್ ಹಾಕಿರೋ ಹಾಗಿಲ್ಲ, ಹೆಸರು ಪೇಪರಿಗೆ ಹೋಗೋ ಹಾಗಿಲ್ಲ. ಹೆದರಿಸೋ ಅರ್ಧ ಮಾತ್ರ ಹೇಳಿ, ಧೈರ್ಯ ಕೊಡೋ ಅರ್ಧ ಬಿಟ್ಟರೆ ಹೇಗೆ?

ಮನೇಲಿರೋ ಒಂದೇ ಫೋನ್ ತಪ್ಪು ಮಾಡಿದವನ ಜೇಬಲ್ಲೇ ಇದ್ರೆ? ಅಲ್ಲಿ ಫೋನ್ ನೆರವು ಸೋಲುತ್ತೆ, ಒಪ್ಪಬೇಕು. ಆಗ ಮಗು ಟೀಚರ್ ಫೋನಿಂದ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಬಹುದು. ಈ ಕ್ಷಣವೇ ಅಪಾಯ ಇದ್ರೆ ತುರ್ತು ಸಂಖ್ಯೆ 112.