ಆವರ್ತಕ ಅರ್ಥವ್ಯವಸ್ಥೆ ಮತ್ತು ಗೊಬ್ಬರದ ‘ಬೆಂಗಳೂರು ಪದ್ಧತಿ’

ಒಂದು ಉದ್ಯೋಗದ ಅಥವಾ ಊರಿನ ತ್ಯಾಜ್ಯವು ಮತ್ತೊಂದರ ಕಚ್ಚಾವಸ್ತುವಾಗಿ ಬಳಕೆಗೆ ಮರಳುವ ಏರ್ಪಾಡಿಗೆ ಇಂದಿನ ಅರ್ಥಶಾಸ್ತ್ರಜ್ಞರು ‘ಆವರ್ತಕ ಅರ್ಥವ್ಯವಸ್ಥೆ’ ಎನ್ನುವರು. ತಿಪ್ಪೆಯನ್ನು ಬಲ್ಲ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಡಕಿರುವುದು ನಗರದಲ್ಲಿ. ಹೊಲದ ಸಾರವು ಧಾನ್ಯ, ತರಕಾರಿಗಳ ರೂಪದಲ್ಲಿ ನಗರಕ್ಕೆ ಬರುವುದು. ಅದು ಹಿಂದಿರುಗುವ ದಾರಿಯನ್ನು ಬೇರೆಯಾಗಿಯೇ ನಿರ್ಮಿಸಬೇಕು.

ಅಂತಹ ಪ್ರಯತ್ನಗಳಲ್ಲಿ ಒಂದು ಬೆಂಗಳೂರಿನ ಹೆಸರನ್ನೇ ಪಡೆದಿದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಕ್ರಮವಿದು. ಸುಮಾರು 3 ಅಡಿ ಆಳದ ಕಂದಕದಲ್ಲಿ 6 ಅಂಗುಲ ಊರಿನ ಕಸ, ಅದರ ಮೇಲೆ 2 ಅಂಗುಲ ಮಲ, ಮತ್ತೆ ಕಸ—ಹೀಗೆ ಪದರಪದರವಾಗಿ ನೆಲಮಟ್ಟಕ್ಕಿಂತ 1 ಅಡಿ ಎತ್ತರದವರೆಗೆ ತುಂಬಿ ಮಣ್ಣಿನಿಂದ ಮುಚ್ಚುವರು. ವಾರದೊಳಗೆ ಒಳಗಿನ ಉಷ್ಣತೆಯು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಏರುವುದು. ರೋಗಾಣುಗಳು ಬಹುಮಟ್ಟಿಗೆ ನಾಶವಾಗುವುವು. ಸುಮಾರು 6 ತಿಂಗಳಲ್ಲಿ ದುರ್ಗಂಧವಿಲ್ಲದ ಗೊಬ್ಬರ ಸಿದ್ಧವಾಗುವುದು. ಆಲ್ಬರ್ಟ್ ಹೋವರ್ಡರ ಇಂದೂರು ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಬೇಕು. ಇಲ್ಲಿ ಆ ಕೂಲಿ ಉಳಿಯುವುದು. ಕಾಲಾವಧಿ ಹೆಚ್ಚು, ನೆಲವೂ ಹೆಚ್ಚು ಬೇಕು ಎಂಬುದು ಇದರ ಕೊರತೆ.

ರಸಾಯನಶಾಸ್ತ್ರದ ಗ್ರಂಥಗಳು ಇಲ್ಲಿಗೆ ನಿಲ್ಲಿಸುವುವು. ಇತಿಹಾಸದ ವಿದ್ಯಾರ್ಥಿಯಾದರೋ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕು: ಆ 2 ಅಂಗುಲದ ಪದರವನ್ನು ಕಂದಕದವರೆಗೆ ಹೊತ್ತು ತಂದವರು ಯಾರು? ಜಪಾನಿನ ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೊದಲ್ಲಿ, ಮನೆಯ ಒಡೆಯರು ಮಲವನ್ನು ಸುತ್ತಣ ಹಳ್ಳಿಯವರಿಗೆ ಮಾರುತ್ತಿದ್ದರು. ಬೆಲೆ ಎಷ್ಟು ಏರಿತೆಂದರೆ, 18ನೆಯ ಶತಮಾನದ ಕೊನೆಗೆ ಅದನ್ನು ಇಳಿಸಬೇಕೆಂದು ಹಳ್ಳಿಗಳು ಅಧಿಕಾರಿಗಳಲ್ಲಿ ಮೊರೆಯಿಟ್ಟವು. ಅಲ್ಲಿ ಅದು ವ್ಯಾಪಾರ. ನಮ್ಮಲ್ಲಿ ಆ ಕೆಲಸ ಹುಟ್ಟಿನಿಂದಲೇ ನಿಗದಿಯಾದುದು. ಚೌಕಾಸಿ ಮಾಡುವ ಅವಕಾಶ ಹೊತ್ತವರಿಗೆ ಇರಲಿಲ್ಲ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993 ಮತ್ತು 2013ರ ಶಾಸನಗಳು ಬಂದವು. ಆದುದರಿಂದ ಆಚಾರ್ಯರ ಕಂದಕವನ್ನು ಇದ್ದಂತೆಯೇ ಮತ್ತೆ ತೋಡಲಾಗದು, ತೋಡಲೂಬಾರದು. ಇಂದಿನ ಕಸದಲ್ಲಿ ಬೆರೆತಿರುವ ಪ್ಲಾಸ್ಟಿಕ್ಕು, ಗಾಜುಗಳೂ ಅದಕ್ಕೆ ಅಡ್ಡಿಯೇ. ಹಸಿಕಸವನ್ನು ಮನೆಯಲ್ಲಿಯೇ ಬೇರ್ಪಡಿಸುವುದು ಮೊದಲ ಹೆಜ್ಜೆಯಾಗಬೇಕು.

ಹೊರುವ ಕೆಲಸವನ್ನು ಈಗ ಕೊಳವೆಗಳು ವಹಿಸಿಕೊಂಡಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಂತೆ 2018ರಿಂದ ಬೆಂಗಳೂರಿನ ಕೊಳಚೆನೀರು ಎರಡು ಹಂತದ ಶುದ್ಧೀಕರಣದ ಬಳಿಕ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಅಂತರ್ಜಲವನ್ನು ಹೆಚ್ಚಿಸುವುದು ಇದರ ಉದ್ದೇಶ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಅಲ್ಲಿನ ರೈತಮುಖಂಡರು ಪಟ್ಟುಹಿಡಿದರು. ಇದನ್ನು ಪ್ರಗತಿಯ ವಿರೋಧವೆಂದು ತಳ್ಳಿಹಾಕುವುದು ಸರಿಯಲ್ಲ. ನಗರವು ಕಳುಹಿಸುವ ನೀರು ಕೆರೆಯಿಂದ ಇಂಗಿ ಸೇರುವುದು ಅವರ ಬಾವಿಗಳನ್ನೇ. ಅದರಲ್ಲಿ ಏನಿದೆಯೆಂದು ತಿಳಿಯುವ ಹಕ್ಕೂ ಅವರದೇ.