ಮೂರು ನಕ್ಷತ್ರದ ಶಿಕ್ಷೆ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಅಚ್ಚುಕೂಟದ ಸ್ವಿಚ್ ಬೋರ್ಡಿನಲ್ಲಿ ಕಿಡಿ ಹಾರಿ ಯಂತ್ರಗಳೆಲ್ಲವೂ ನಿಂತುಹೋದವು. ಬೆಳಗಿನ ಪತ್ರಿಕೆ ಹೊರಡಬೇಕು. ವಾಡಿಕೆಯ ಕೆಲಸಗಾರನು ಊರಿನಲ್ಲಿರಲಿಲ್ಲ. ಕಚೇರಿಯ ತರುಣರೊಬ್ಬರು ತಮ್ಮ ಮೊಬೈಲನ್ನು ತೆಗೆದು, ಮನೆಮನೆಗೆ ಕುಶಲಕರ್ಮಿಗಳನ್ನು ಒದಗಿಸುವ ಕಂಪೆನಿಯೊಂದರ ಆ್ಯಪಿನ ಮೂಲಕ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದರು. ಹೇಳಿದ ಹೊತ್ತಿಗಿಂತ ಮುಕ್ಕಾಲು ಗಂಟೆ ತಡವಾಗಿ, ತೊಯ್ದು ತೊಪ್ಪೆಯಾಗಿ ಅವನು ಬಂದನು. ದಾರಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತೆಂದನು. ಹೆಚ್ಚು ಮಾತಾಡದೆ ಸುಟ್ಟ ತಂತಿಯನ್ನು ಹುಡುಕಿ ಬದಲಾಯಿಸಿ, ಬಿಗಿಯಿಲ್ಲದ ತಿರುಪುಗಳನ್ನೆಲ್ಲ ಬಿಗಿಮಾಡಿ, ರಾತ್ರಿ ಒಂಬತ್ತಕ್ಕೆ ಯಂತ್ರ ಓಡುವಂತೆ ಮಾಡಿ ಹೊರಟುಹೋದನು.

ಆಮೇಲೆ ಮೊಬೈಲಿನಲ್ಲಿ ಒಂದು ಪ್ರಶ್ನೆ ಮೂಡಿತು: ಕೆಲಸ ಹೇಗಿತ್ತು, ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರಿ? ತರುಣರು ಅದನ್ನು ನಮ್ಮ ಮುಂದೆ ಹಿಡಿದರು. ನಾವು ಕೊಂಚ ಯೋಚಿಸಿ ಮೂರನ್ನು ಒತ್ತಿದೆವು. ನಾವು ಪಾಠಶಾಲೆಯಲ್ಲಿ ಕಲಿತವರು. ನೂರಕ್ಕೆ ಅರವತ್ತು ಬಂದರೆ ಪ್ರಥಮ ದರ್ಜೆಯೆಂದು ಮೆಟ್ರಿಕ್ಯುಲೇಷನ್ನಿನ ಕಾಲದಿಂದ ನಂಬಿಕೊಂಡು ಬಂದವರು. ಐದಕ್ಕೆ ಮೂರು ಎಂದರೆ ನೂರಕ್ಕೆ ಅರವತ್ತಲ್ಲವೇ? ಕೆಲಸ ಚೆನ್ನಾಗಿತ್ತು, ಬಂದುದು ತಡವಾಯಿತು. ಆದುದರಿಂದ ಪ್ರಥಮ ದರ್ಜೆ. ಹೀಗೆ ಔದಾರ್ಯವನ್ನೇ ತೋರಿದೆವೆಂಬ ತೃಪ್ತಿಯಿಂದ ಮನೆಗೆ ಹೋದೆವು.

ಕೆಲವು ವಾರಗಳ ತರುವಾಯ ಅದೇ ಮನುಷ್ಯನು ನಮ್ಮ ಬೀದಿಯಲ್ಲಿಯೇ ಎದುರಾದನು. ಕುಶಲ ಕೇಳಿದೆವು. ಸಂಕೋಚದಿಂದಲೇ ಹೇಳಿದನು: "ಆ ದಿನ ನಿಮ್ಮದೊಂದೇ ಕೆಲಸ ಸ್ವಾಮಿ. ಮಾರನೆಯ ದಿನ ನನ್ನ ಸರಾಸರಿ ಇಳಿದಿತ್ತು. ಆಮೇಲೆ ಕೆಲಸ ಬರುವುದೇ ಕಮ್ಮಿಯಾಯಿತು. ಅದೇ ಕಾರಣವೋ ಅಲ್ಲವೋ ನನಗೂ ಗೊತ್ತಿಲ್ಲ. ಕೇಳಿದರೆ ಹೇಳುವವರು ಯಾರೂ ಇಲ್ಲ." ನಾವು ಕಚೇರಿಗೆ ಬಂದು ಮೂರನ್ನು ಐದಾಗಿ ತಿದ್ದಲು ಯತ್ನಿಸಿದೆವು. ತಿದ್ದಲು ಅವಕಾಶವಿರಲಿಲ್ಲ. ಕಂಪೆನಿಗೆ ಬರೆದೆವು, ತಮ್ಮ ಅಭಿಪ್ರಾಯಕ್ಕಾಗಿ ವಂದನೆಗಳೆಂದು ಯಂತ್ರವೇ ಉತ್ತರ ಕೊಟ್ಟಿತು.

ಲೆಕ್ಕವನ್ನು ವಾಚಕ ಮಹಾಶಯರು ತಾವೇ ಹಾಕಿ ನೋಡಬಹುದು. ಹೊಸದಾಗಿ ಸೇರಿ ಆರು ಕೆಲಸ ಮಾಡಿದವನೊಬ್ಬನು ಐದರಲ್ಲಿ ಪೂರ್ಣ ಐದನ್ನೂ ಒಂದರಲ್ಲಿ ಮೂರನ್ನೂ ಪಡೆದನೆನ್ನಿ. ಸರಾಸರಿ 4.67. ಕಂಪೆನಿಯವರು 4.7ಕ್ಕೆ ಗೆರೆ ಎಳೆದಿದ್ದರೆ ಅವನು ಗೆರೆಯ ಕೆಳಗೆ ಬಿದ್ದನು. ಮತ್ತೆ ಮೇಲೇರಲು ಇನ್ನೊಂದು ಪೂರ್ಣ ಐದು ಸಾಕು. ಆದರೆ ಗೆರೆಯ ಕೆಳಗಿರುವವನನ್ನು ಕೆಲಸಕ್ಕೆ ಕಳುಹಿಸುವವರು ಯಾರು?

ಇದು ಬಡ ಕೆಲಸಗಾರರ ಗೋಳು, ತಮಗೇಕೆ ಎಂದು ನಮ್ಮ ವಾಚಕರಲ್ಲಿ ಸರ್ಕಾರಿ ಅಧಿಕಾರದಲ್ಲಿರತಕ್ಕವರು ಎಣಿಸಬಾರದು. ಇಂತಹ ಸಂಕಟವನ್ನು ಅವರೇ ಅನುಭವಿಸಿದ್ದಾರೆ, ಮತ್ತು ನ್ಯಾಯಾಲಯದ ಮೂಲಕ ಪರಿಹಾರವನ್ನೂ ಪಡೆದಿದ್ದಾರೆ. ಗಡಿ ರಸ್ತೆಗಳ ಇಲಾಖೆಯಲ್ಲಿ ಕಾರ್ಯನಿರ್ವಾಹಕ ಎಂಜಿನಿಯರರಾಗಿದ್ದ ದೇವ್ ದತ್ ಎಂಬವರಿಗೆ ಬಡ್ತಿ ತಪ್ಪಿತು. ಏಕೆ? ಅವರ ಗೋಪ್ಯ ವರದಿಯಲ್ಲಿ 1993-94ನೆಯ ಸಾಲಿಗೆ 'ಉತ್ತಮ' ಎಂದು ಬರೆದಿತ್ತು. ಬಡ್ತಿಗೆ ಬೇಕಾಗಿದ್ದುದು 'ಅತ್ಯುತ್ತಮ'. ಉತ್ತಮನೆಂದು ಬರೆಸಿಕೊಂಡುದರಿಂದಲೇ ಮನುಷ್ಯನು ಹಿಂದೆ ಬಿದ್ದನು! ಹಾಗೆ ಬರೆದಿರುವುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಹೊಗಳಿಕೆಯ ಮಾತನ್ನು ತಿಳಿಸುವ ಅಗತ್ಯವೇನೆಂದು ಇಲಾಖೆಯ ವಾದ. 2008ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿತು. ಒಳ್ಳೆಯದಾಗಲಿ ಕೆಟ್ಟದಾಗಲಿ ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸತಕ್ಕದ್ದು, ಅವನು ಅದರ ವಿರುದ್ಧ ಮನವಿ ಮಾಡಿಕೊಳ್ಳಲು ಅವಕಾಶವಿರತಕ್ಕದ್ದು, ಮುಚ್ಚಿಡುವುದು ಸ್ವೇಚ್ಛಾವರ್ತನೆ ಎಂದು ತೀರ್ಮಾನಿಸಿತು. ನಾವು ಒತ್ತಿದ ಮೂರು ನಕ್ಷತ್ರಕ್ಕೂ ಎಂಜಿನಿಯರರ 'ಉತ್ತಮ'ಕ್ಕೂ ಏನು ಭೇದ? ಒಬ್ಬರಿಗೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತೆರೆಯಿತು. ಮತ್ತೊಬ್ಬನು ಸರ್ಕಾರದ ನೌಕರನಲ್ಲ, ಕಂಪೆನಿಯ ನೌಕರನೂ ಅಲ್ಲ. ಕಾಗದದ ಮೇಲೆ ಅವನು 'ಪಾಲುದಾರ', 'ಸ್ವತಂತ್ರ ವೃತ್ತಿಗಾರ'. ಗುಮಾಸ್ತನೊಬ್ಬನನ್ನು ತೆಗೆಯಬೇಕಾದರೂ ದೋಷಾರೋಪವನ್ನು ತಿಳಿಸಿ, ವಿಚಾರಣೆ ನಡೆಸಿ, ಅವನ ಮಾತನ್ನು ಕೇಳಬೇಕೆಂದು ಸಂವಿಧಾನದ 311ನೆಯ ವಿಧಿ ಹೇಳುತ್ತದೆ. ಸ್ವತಂತ್ರನೆನಿಸಿಕೊಂಡವನಿಗೆ ಈ ರಕ್ಷಣೆ ಒಂದೂ ಇಲ್ಲ. ವಿಚಿತ್ರವಾದ ಸ್ವಾತಂತ್ರ್ಯ!

ಬ್ರಿಟಿಷರ ಕಾಲದಲ್ಲಿ ಬಟ್ಲರುಗಳೂ ಅಡಿಗೆಯವರೂ ದೊರೆಗಳಿಂದ ಚೀಟಿ ಬರೆಸಿಕೊಳ್ಳುತ್ತಿದ್ದ ಪದ್ಧತಿ ಹಿರಿಯರಿಗೆ ತಿಳಿದಿದೆ. ನಮ್ಮ ದೇಶದ ಈ ಮಾತನ್ನೇ ಇಂಗ್ಲಿಷರು 'ಚಿಟ್' ಎಂದು ತಮ್ಮ ಭಾಷೆಗೆ ಸೇರಿಸಿಕೊಂಡರು. ದೊರೆ ವರ್ಗವಾಗಿ ಹೋಗುವಾಗ ಒಂದು ಚೀಟಿ; ಹೊಸ ದೊರೆಯ ಬಾಗಿಲಲ್ಲಿ ಅದೇ ಚೀಟಿಗಳ ಕಟ್ಟು. ಇಂಗ್ಲಿಷ್ ಬಾರದ ಸೇವಕನು ತನ್ನನ್ನೇ ನಿಂದಿಸುವ ಚೀಟಿಯನ್ನು ಭಕ್ತಿಯಿಂದ ಬಟ್ಟೆಯಲ್ಲಿ ಸುತ್ತಿ ಒಯ್ದು ತೋರಿಸುತ್ತಿದ್ದನೆಂದು ಹಾಸ್ಯ ಮಾಡುತ್ತಿದ್ದುದುಂಟು. ಆ ಹಾಸ್ಯ ನಮಗೆ ಎಂದೂ ರುಚಿಸಿಲ್ಲ. ಆದರೂ ಆ ಚೀಟಿಗೆ ಎರಡು ಗುಣಗಳಿದ್ದವು. ಅದು ಸೇವಕನ ಕೈಯಲ್ಲಿರುತ್ತಿತ್ತು; ಓದಬಲ್ಲ ನೆರೆಯವನೊಬ್ಬನು ಅರ್ಥ ಹೇಳಿದರೆ ಒಲೆಗೆ ಹಾಕಬಹುದಾಗಿತ್ತು. ಒಬ್ಬ ದೊರೆಯ ಮನೆಯಿಂದ ಇನ್ನೊಬ್ಬನ ಮನೆಗೆ ಒಯ್ಯಬಹುದಾಗಿತ್ತು. ಇಂದಿನ ನಕ್ಷತ್ರಕ್ಕೆ ಈ ಎರಡೂ ಇಲ್ಲ. ಕೆಟ್ಟದ್ದನ್ನು ಎಸೆಯುವಂತಿಲ್ಲ, ಒಳ್ಳೆಯದನ್ನು ಒಯ್ಯುವಂತಿಲ್ಲ. ಐದು ವರ್ಷ ದುಡಿದು ಸಾವಿರ ಮನೆಗಳ ಮೆಚ್ಚುಗೆಯನ್ನು ಗಳಿಸಿದವನು ಕಂಪೆನಿಯನ್ನು ಬಿಟ್ಟ ಕ್ಷಣದಲ್ಲಿ ಹೆಸರಿಲ್ಲದ ಹೊಸಬನಾಗುತ್ತಾನೆ. ಬೆವರು ಅವನದು, ಹೆಸರು ಮಾತ್ರ ಕಂಪೆನಿಯದು.

ಎದುರು ಪಕ್ಷದವರ ಮಾತನ್ನೂ ಕೇಳಬೇಕಷ್ಟೆ. ವೃದ್ಧೆಯೊಬ್ಬಳು ಒಂಟಿಯಾಗಿರುವ ಮನೆಗೆ ಅಪರಿಚಿತನು ಬರುತ್ತಾನೆ. ಅವನು ಯಾರು, ಎಂತಹವನು ಎಂಬ ಭರವಸೆ ಆಕೆಗೆ ಬೇಡವೇ? ಹಿಂದೆ ಆ ಭರವಸೆಯನ್ನು ಕೇರಿಯವರು ಕೊಡುತ್ತಿದ್ದರು. ಇಂದಿನ ಬೆಂಗಳೂರಿನಲ್ಲಿ ಪಕ್ಕದ ಮನೆಯವರ ಹೆಸರೇ ತಿಳಿಯದಿರುವಾಗ ಅದನ್ನು ಕೊಡುವವರಾರು? ನಕ್ಷತ್ರಗಳಿಂದ ಉಪಕಾರವಾಗಿಲ್ಲವೆಂದು ನಾವು ಹೇಳುವುದಿಲ್ಲ. ಯಾರ ಪರಿಚಯವೂ ಇಲ್ಲದೆ ಊರಿಗೆ ಬಂದ ಹುಡುಗನು ಶಿಫಾರಸಿಲ್ಲದೆ ಬರಿಯ ಕೈಗುಣದಿಂದ ಹೆಸರು ಪಡೆದುದೂ ಇವುಗಳಿಂದಲೇ. ನಮ್ಮ ಆಕ್ಷೇಪವು ಅಭಿಪ್ರಾಯ ಕೇಳುವುದಕ್ಕಲ್ಲ. ಅಭಿಪ್ರಾಯವೇ ತೀರ್ಪಾಗಿ, ಆ ತೀರ್ಪಿಗೆ ಅಪೀಲೇ ಇಲ್ಲದಿರುವುದಕ್ಕೆ. ಊರವರ ಬಾಯಿಮಾತನ್ನು ನಂಬಿ, ವಿಚಾರಣೆಯಿಲ್ಲದೆ ಸೀತೆಯನ್ನು ಕಾಡಿಗೆ ಕಳುಹಿಸಿದುದಕ್ಕಾಗಿ ಶ್ರೀರಾಮನನ್ನೇ ಪ್ರಶ್ನಿಸುತ್ತ ಬಂದ ಜನ ನಾವು.

ಅಭಿಪ್ರಾಯ ಕೊಡುವವರೆಲ್ಲರೂ ನಿಷ್ಪಕ್ಷಪಾತಿಗಳೆನ್ನಲೂ ಆಗದು. ಅಮೆರಿಕದಲ್ಲಿ ಚಿಲ್ಲರೆ ಕೆಲಸಗಳನ್ನು ಒದಗಿಸುವ ಟಾಸ್ಕ್‌ರ್ಯಾಬಿಟ್ ಎಂಬ ತಾಣವನ್ನು ವಿದ್ವಾಂಸರು ಶೋಧಿಸಿ 2017ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕರಿಯರೆಂದು ತೋರುವ ಕೆಲಸಗಾರರಿಗೆ ಗಿರಾಕಿಗಳು ಕಡಮೆ ಅಂಕ ಕೊಡುತ್ತಿದ್ದುದು ಕಂಡುಬಂದಿತು. ನಮ್ಮಲ್ಲಿ ಹೆಸರನ್ನು ನೋಡಿ ಜಾತಿಮತವನ್ನು ಊಹಿಸುವವರು, ಮಾತಿನ ಧಾಟಿಯನ್ನು ಕೇಳಿ ಊರನ್ನು ಊಹಿಸುವವರು ಇಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲೆವೇ?

ವಕೀಲರ ವಿಷಯವನ್ನು ನೋಡಿ. ಗಿರಾಕಿಗಳನ್ನು ದೊರಕಿಸಿಕೊಡುವ ಜಾಲತಾಣಗಳು ವಕೀಲರಿಗೂ ದರ್ಜೆಗಳನ್ನು ಅಂಟಿಸತೊಡಗಿದಾಗ, 2024ರ ಜುಲೈಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಇದು ವೃತ್ತಿಯ ಘನತೆಗೆ ಕುಂದೆಂದು ಖಂಡಿಸಿ, ಕ್ರಮ ಕೈಗೊಳ್ಳುವಂತೆ ವಕೀಲರ ಪರಿಷತ್ತಿಗೆ ಆಜ್ಞೆ ಮಾಡಿತು. ವಕೀಲರ ಘನತೆ ಉಳಿದುದಕ್ಕೆ ನಮಗೆ ಸಂತೋಷವೇ. ನಲ್ಲಿ ರಿಪೇರಿಯವನ ಘನತೆಗೆ ಪರಿಷತ್ತು ಯಾವುದು? ವೈದ್ಯರ ಪಾಡು ಮತ್ತೊಂದು ಬಗೆಯದು: ರೋಗಿಯೊಬ್ಬನು ಊರಿಗೆಲ್ಲ ಕಾಣುವಂತೆ ದೂಷಿಸಿದರೂ, ಚಿಕಿತ್ಸೆಯ ಗುಟ್ಟನ್ನು ಕಾಪಾಡಬೇಕಾದ ವೈದ್ಯರು ಎದುರುತ್ತರ ಕೊಡುವಂತಿಲ್ಲ. ಸುಳ್ಳು ವಿಮರ್ಶೆಗಳ ಹಾವಳಿಯನ್ನು ತಡೆಯಲು ಭಾರತೀಯ ಮಾನಕ ಬ್ಯೂರೋದವರು 2022ರ ನವೆಂಬರಿನಲ್ಲಿ ಒಂದು ಮಾನಕವನ್ನು ಹೊರಡಿಸಿದರು. ಆದರೆ ಅದು ಇಷ್ಟವಿದ್ದವರು ಪಾಲಿಸತಕ್ಕ ಮಾನಕವಾಗಿಯೇ ಹೊರಟಿತು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಹೀಗೆ ಜೀವಿಸುವವರ ಸಂಖ್ಯೆ ಸಣ್ಣದಲ್ಲ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂತಹ ಗಿಗ್ ಕಾರ್ಮಿಕರು 77 ಲಕ್ಷ. 2029-30ರ ಹೊತ್ತಿಗೆ 2.35 ಕೋಟಿಯಾಗಬಹುದೆಂದು ಅದರ ಅಂದಾಜು. 2021ರ ಅಕ್ಟೋಬರಿನಲ್ಲಿ ಗುರುಗ್ರಾಮದ ಕಂಪೆನಿಯೊಂದರ ಕಚೇರಿಯ ಮುಂದೆ ಸೌಂದರ್ಯವೃತ್ತಿಯ ಮಹಿಳೆಯರು ಬಂದು ಕುಳಿತಾಗ ಕಮಿಷನ್ನಿನ ಹೊರೆಯ ಜೊತೆಗೆ ನಕ್ಷತ್ರಗಳ ಕಾಟವನ್ನೂ ಹೇಳಿಕೊಂಡರು.

ನ್ಯಾಯಾಲಯಗಳು ಕಣ್ಣು ಮುಚ್ಚಿ ಕುಳಿತಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿ 19ರಂದು ಊಬರ್ ಚಾಲಕರ ಮೊಕದ್ದಮೆಯಲ್ಲಿ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿತು: ಪ್ರಯಾಣಿಕರು ಕೊಡುವ ಅಂಕಗಳು ಮುಂದಿನ ಪ್ರಯಾಣಿಕನು ಚಾಲಕನನ್ನು ಆರಿಸಿಕೊಳ್ಳಲೆಂದು ಇರುವುವಲ್ಲ, ಚಾಲಕನನ್ನು ಹದ್ದಿನಲ್ಲಿಡಲು, ಬೇಡವಾದಾಗ ತೆಗೆಯಲು ಕಂಪೆನಿಯ ಕೈಯಲ್ಲಿರುವ ಉಪಕರಣ. ಹಾಗಿದ್ದಮೇಲೆ ಚಾಲಕನು ಸ್ವತಂತ್ರ ವ್ಯಾಪಾರಿ ಎಂಬ ಮಾತು ನಿಲ್ಲುವುದಿಲ್ಲ. ಎರಡು ವರ್ಷಗಳ ಮೇಲೆ, 2023ರ ಏಪ್ರಿಲಿನಲ್ಲಿ, ಆಮ್‌ಸ್ಟರ್‌ಡ್ಯಾಮಿನ ಮೇಲ್ಮನವಿ ನ್ಯಾಯಾಲಯವು ಊಬರಿನ ಮೇಲೂ, ನಮ್ಮ ಬೆಂಗಳೂರಿನಲ್ಲೇ ಕೇಂದ್ರವುಳ್ಳ ಓಲಾದ ಮೇಲೂ ಚಾಲಕರು ತಂದಿದ್ದ ವ್ಯಾಜ್ಯಗಳಲ್ಲಿ, ಯಂತ್ರವು ಮಾಡಿದ ತೀರ್ಮಾನಗಳ ಕಾರಣವನ್ನು ತಿಳಿಯುವ ಹಕ್ಕು ಚಾಲಕರಿಗುಂಟೆಂದು ಹೇಳಿತು. ಚಾಲಕನು ಮೋಸಗಾರನಾಗಿರುವ ಸಂಭವವೆಷ್ಟೆಂದು ಓಲಾದ ಯಂತ್ರವು ಅವನಿಗೆ ತಿಳಿಯದಂತೆ ಅಂಕ ಹಾಕುತ್ತಿದ್ದಿತು; ಅದನ್ನೂ ತೋರಿಸತಕ್ಕದ್ದೆಂದಾಯಿತು. ಬೆಂಗಳೂರಿನ ಕಂಪೆನಿಯ ಲೆಕ್ಕವನ್ನು ತಿಳಿಯಲು ಲಂಡನ್ನಿನ ಚಾಲಕನು ಆಮ್‌ಸ್ಟರ್‌ಡ್ಯಾಮಿಗೆ ಹೋಗಬೇಕಾಯಿತು.

ಈಗ ನಮ್ಮ ರಾಜ್ಯದ ಮಾತು. ರಾಜಸ್ಥಾನವು 2023ರಲ್ಲಿ ಮೊದಲ ಶಾಸನವನ್ನು ಮಾಡಿತು. ಕರ್ನಾಟಕ ಸರ್ಕಾರದವರು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿ, ಅದೇ ವರ್ಷ ಅದನ್ನು ಶಾಸನವಾಗಿ ಮಾಡಿದರು. ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿಗಳು ಸಲ್ಲಿಸಬೇಕೆಂಬುದನ್ನು ಪತ್ರಿಕೆಗಳು ದಪ್ಪಕ್ಷರಗಳಲ್ಲಿ ಅಚ್ಚುಹಾಕಿದವು. ನಮಗೆ ಅದಕ್ಕಿಂತ ಮುಖ್ಯವಾಗಿ ತೋರಿದುದು ಹೆಚ್ಚು ಜನ ಓದದೆ ಬಿಟ್ಟ ಭಾಗ. ಕಾರ್ಮಿಕನನ್ನು ತೆಗೆಯಬೇಕಾದರೆ ಕಾರಣವನ್ನು ಬರೆದು ತಿಳಿಸಿ 14 ದಿವಸಗಳ ನೋಟೀಸು ಕೊಡಬೇಕು. ಯಂತ್ರವು ಯಾವ ಮಾನದಂಡಗಳಿಂದ ಕೆಲಸವನ್ನು ಹಂಚುತ್ತದೆ, ಅಳೆಯುತ್ತದೆ ಎಂಬುದನ್ನು ಅವನಿಗೆ ತಿಳಿಯುವ ಸರಳ ಭಾಷೆಯಲ್ಲಿ ಹೇಳಬೇಕು. ಕೇಳಿದರೆ ಉತ್ತರ ಕೊಡಲು ಯಂತ್ರವಲ್ಲದೆ ಮನುಷ್ಯನೊಬ್ಬನಿರಬೇಕು. ಇಷ್ಟನ್ನು ಬರೆದವರನ್ನು ಅಭಿನಂದಿಸಲು ನಮಗೆ ಯಾವ ಅಡ್ಡಿಯೂ ಇಲ್ಲ.

ಆದರೂ ಒಂದು ಸಂದು ಉಳಿದಿದೆ. ನಮ್ಮ ಎಲೆಕ್ಟ್ರಿಷಿಯನ್ನನನ್ನು ಯಾರೂ ತೆಗೆದುಹಾಕಲಿಲ್ಲ. ಅವನ ಹೆಸರು ಪಟ್ಟಿಯಲ್ಲಿ ಇಂದಿಗೂ ಇದೆ. ಕೆಲಸ ಮಾತ್ರ ಬರುವುದಿಲ್ಲ. ದಿನಕ್ಕೆ ನಾಲ್ಕು ಕರೆ ಬರುತ್ತಿದ್ದವನಿಗೆ ಒಂದು, ಆಮೇಲೆ ಎರಡು ದಿನಕ್ಕೊಂದು. ಬಾವಿಯಿಂದ ಮೇಲಕ್ಕೆಳೆಯುವವರು ಹಗ್ಗವನ್ನು ಕತ್ತರಿಸುವುದಿಲ್ಲ; ಸುಮ್ಮನೆ ಸಡಿಲಬಿಡುತ್ತಾರೆ. ಇದಕ್ಕೆ 14 ದಿವಸಗಳ ನೋಟೀಸನ್ನು ಯಾವ ದಿನದಿಂದ ಎಣಿಸಬೇಕು? ಕೆಲಸವನ್ನು ಅರ್ಧಕ್ಕಿಂತ ಕಡಮೆ ಮಾಡುವುದೂ ತೆಗೆದುಹಾಕಿದಂತೆಯೇ ಎಂದು ನಿಯಮಗಳಲ್ಲಿ ಸ್ಪಷ್ಟಪಡಿಸದಿದ್ದರೆ, ಬುದ್ಧಿವಂತ ಕಂಪೆನಿ ಯಾರನ್ನೂ ಎಂದಿಗೂ ತೆಗೆಯಲಾರದು. ಮಳೆ, ರಸ್ತೆ, ಗಿರಾಕಿಯ ಸಿಡುಕು ಇಂತಹ ತನ್ನ ಕೈಯಲ್ಲಿಲ್ಲದ ಕಾರಣಕ್ಕೆ ಇಳಿದ ಅಂಕವನ್ನು ತೆಗೆಸಿಹಾಕುವ ಮಾರ್ಗವೂ ಬೇಕು. ಮೂರು ಎಂದರೆ ಕಂಪೆನಿಯ ಲೆಕ್ಕದಲ್ಲಿ ಏನೆಂಬುದನ್ನು, ಒತ್ತುವ ಮುಂಚೆ, ನಮ್ಮಂತಹ ಗಿರಾಕಿಗಳಿಗೂ ತಿಳಿಸತಕ್ಕದ್ದು.

ಇನ್ನು ಹೆಸರನ್ನು ಒಯ್ಯುವ ವಿಷಯ. ಐರೋಪ್ಯ ಒಕ್ಕೂಟವು 2024ರಲ್ಲಿ ಮಾಡಿದ ನಿರ್ದೇಶನದಲ್ಲಿ, ಕೆಲಸಗಾರನು ಗಳಿಸಿದ ಅಂಕಗಳನ್ನೂ ಮೆಚ್ಚುಗೆಗಳನ್ನೂ ಬೇರೆ ಕಡೆಗೆ ಒಯ್ಯಬಹುದೆಂದು ಹಕ್ಕು ಕೊಟ್ಟಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನದಲ್ಲಿ ತಪ್ಪನ್ನು ತಿದ್ದಿಸುವ ಹಕ್ಕುಂಟು, ಒಯ್ಯುವ ಹಕ್ಕಿಲ್ಲ. 2019ರ ಮಸೂದೆಯಲ್ಲಿ ಇದ್ದುದು ಶಾಸನವಾಗುವಷ್ಟರಲ್ಲಿ ಮಾಯವಾಯಿತು. ಕರ್ನಾಟಕದ ಶಾಸನವು ಪ್ರತಿ ಕಾರ್ಮಿಕನಿಗೂ ಎಲ್ಲ ಕಂಪೆನಿಗಳಿಗೂ ಸಲ್ಲುವ ಒಂದೇ ಗುರುತಿನ ಸಂಖ್ಯೆಯನ್ನು ಕೊಡಬೇಕೆನ್ನುತ್ತದೆ. ಆ ಸಂಖ್ಯೆಯ ಜೊತೆಯಲ್ಲಿಯೇ ಅವನು ಗಳಿಸಿದ ಹೆಸರೂ ಅವನ ಇಚ್ಛೆಯಂತೆ ಹೋಗುವಂತೆ ಮಾಡಲು ಕಲ್ಯಾಣ ಮಂಡಳಿಯವರು ಯೋಚಿಸಬಾರದೇಕೆ?

ಮೊನ್ನೆ ಅಚ್ಚುಕೂಟದ ಮೋಟಾರು ಕೆಟ್ಟಾಗ ಅದೇ ಮನುಷ್ಯನನ್ನು, ಆ್ಯಪಿನ ಮೂಲಕವಲ್ಲ, ನೇರವಾಗಿಯೇ ಹೇಳಿಕಳುಹಿಸಿ ಕರೆಸಿದೆವು. ಹೇಳಿದ ಹೊತ್ತಿಗೆ ಬಂದು ಕೆಲಸ ಮುಗಿಸಿದನು. ನಮ್ಮ ತಪ್ಪಿಗೆ ಏನಾದರೂ ಪರಿಹಾರ ಮಾಡಬೇಕೆಂದು, ಪತ್ರಿಕೆಯ ತಲೆಬರಹವಿರುವ ಕಾಗದದಲ್ಲಿ ಅವನ ಕುಶಲತೆಯನ್ನೂ ನಡತೆಯನ್ನೂ ಮೆಚ್ಚಿ ನಾಲ್ಕು ಸಾಲು ಬರೆದು, ರುಜು ಮಾಡಿ, ಮೊಹರು ಹಾಕಿ ಕೊಟ್ಟೆವು. ಎರಡು ಸಲ ಓದಿದನು. ಮಡಿಸಿ ಜೇಬಿನಲ್ಲಿಟ್ಟುಕೊಂಡು, "ಸಂತೋಷ ಸ್ವಾಮಿ. ಇದನ್ನು ಎಲ್ಲಿ ತೋರಿಸಲಿ?" ಎಂದು ಕೇಳಿದನು.